ಕಂಠಪಾಠವಾಗಿರುವ ಕಣ್ಣಿನ ಚಾರ್ಟನ್ನು ಬದಲಿಸಿ ಪರೀಕ್ಷೆ ಮಾಡುವ ಬಗ್ಗೆ

ಇಂದ:
ಕನ್ನಡಕದ ಅಂಗಡಿಯವರ ಮಗಳು (ಲಿಫ್ಟ್ ರಿಪೇರಿಯವರ ಮಗಳೂ ಇವಳೇ),
ಹದಿನೆಂಟು ತುಂಬಿ ಮೂರು ವಾರ,
ಅಂಗಡಿಯ ಹಿಂಬದಿಯ ಮನೆ.

ಗೆ:
ಮಾನ್ಯ ನೇತ್ರ ಪರೀಕ್ಷಕರು,
ವಿಮಾನ ಚಾಲಕರ ವೈದ್ಯಕೀಯ ತಪಾಸಣಾ ಕಚೇರಿ,
ನಾಲ್ಕನೆಯ ಮಹಡಿ (ಲಿಫ್ಟ್ ಇದೆ, ಆದರೆ ಅಂಶ ೧೧ ನೋಡಿ).

ವಿಷಯ: ಅರ್ಜಿದಾರಳು ಹಿಂದೆಂದೂ ನೋಡಿರದ ಚಾರ್ಟಿನಿಂದ ಅವಳ ಕಣ್ಣು ಪರೀಕ್ಷಿಸಲು ಕೋರಿಕೆ.

ಉಲ್ಲೇಖ:
೧. ತಪಾಸಣೆಗೆ ಹಾಜರಾಗಲು ತಿಳಿಸಿದ ತಮ್ಮ ಕಚೇರಿಯ ಪತ್ರ.
೨. ಪರದೇಶದ ವಿಮಾನ ಚಾಲನಾ ಶಾಲೆಯ ಪ್ರವೇಶಪತ್ರ.
೩. ಅರ್ಜಿದಾರಳ ತಂದೆಯವರು ಕಳೆದ ಭಾನುವಾರ ಮೌಖಿಕವಾಗಿ ನೀಡಿದ "ಬಾ" ಎಂಬ ಆದೇಶ.

ಮಾನ್ಯರೇ,

೧. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಅರ್ಜಿದಾರಳು ಈ ವರ್ಷ ಶಾಲೆಯ ಕೊನೆಯ ತರಗತಿ ಮುಗಿಸಿದಳು. ಮುಗಿಯುವ ಮೊದಲೇ, ವಾಣಿಜ್ಯ ವಿಮಾನ ಚಾಲಕರ ತರಬೇತಿಗಾಗಿ ಪರದೇಶದ ಶಾಲೆಯೊಂದಕ್ಕೆ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. ಶಾಲೆಯವರು ಒಪ್ಪಿಕೊಂಡುಬಿಟ್ಟರು. ಹೀಗೂ ಆಗಬಹುದೆಂದು ಅವಳು ಯೋಚಿಸಿರಲಿಲ್ಲ. ಪತ್ರವನ್ನು ಮೂರು ದಿನ ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡು, ನಾಲ್ಕನೆಯ ದಿನ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟು, ತಾನು ಸ್ನಾನಕ್ಕೆ ಹೋದಳು. ಬರುತ್ತೀರೋ ಇಲ್ಲವೋ ಎಂಬುದನ್ನು ತಿಂಗಳ ಕೊನೆಯೊಳಗೆ ತಿಳಿಸಬೇಕು, ವೈದ್ಯಕೀಯ ಅರ್ಹತಾಪತ್ರವನ್ನು ಆಮೇಲೆ ಕಳಿಸಿದರೂ ನಡೆಯುತ್ತದೆ ಎಂದು ಅದರಲ್ಲಿತ್ತು.

೨. ಸದರಿ ಪತ್ರಕ್ಕೆ ಮನೆಯವರಿಂದ ಬಂದ ಪ್ರತಿಕ್ರಿಯೆಗಳು ಈ ಕೆಳಗಿನಂತಿವೆ:

ಅ) ಅಜ್ಜಿ: ಪತ್ರದ ಜೊತೆಗಿದ್ದ ಬಣ್ಣದ ಹಾಳೆಯಲ್ಲಿ "ವರ್ಷಕ್ಕೆ ಮುನ್ನೂರು ದಿನ ನಿರ್ಮಲ ಆಕಾಶ" ಎಂದು ಬರೆದಿತ್ತು. ಅಜ್ಜಿ ಅದನ್ನು ಓದಿಸಿಕೊಂಡು ಕೇಳಿದ್ದು: "ಮಿಕ್ಕಿದ ಅರವತ್ತೈದು ದಿನ ಏನ್ ಮಾಡ್ತಾರಂತೆ?"

ಆ) ತಾಯಿಯ ಅಣ್ಣ, ಮನೆಯಲ್ಲಿ ಸುದ್ದಿ ಮಾವ ಎಂದು ಕರೆಯಲ್ಪಡುವವರು: "ಇಲ್ಲಿ ಕಲಿಯೋಕೆ ಹೋದ್ರೆ ರನ್‌ವೇ ಖಾಲಿ ಆಗೋವರೆಗೂ ಕಾಯ್ಬೇಕು. ಮೂರು ವರ್ಷ! ಅಲ್ಲಾದ್ರೆ ಹದಿನೆಂಟು ತಿಂಗಳು. ವಾಪಸ್ ಬಂದು ಲೈಸೆನ್ಸ್ ಬದಲಾಯಿಸ್ಕೊಂಡ್ರಾಯ್ತು. ನನ್ನ ಕೇಳಿ." ಸದರಿ ಮಾವನವರು ವಿಮಾನ ನಿಲ್ದಾಣಕ್ಕೆ ನಾಲ್ಕು ಸಲ ಬೇರೆಯವರನ್ನು ಬಿಟ್ಟು ಬಂದವರು. ಗಾಜಿನ ಬಾಗಿಲಿನಿಂದಾಚೆ ಅವರ ಅನುಭವ ಇರುವುದಿಲ್ಲ.

ಇ) ತಾಯಿ: "ಅಲ್ಲಿ ಬಿಸಿಲು ಜಾಸ್ತಿ ಇರುತ್ತಾ? ಕಣ್ಣಿಗೆ?"

ಈ) ತಂದೆ: ಪತ್ರವನ್ನು ಎರಡು ಸಲ ಓದಿ, ಇದ್ದ ಮಡಿಕೆಯಲ್ಲೇ ಮಡಿಚಿ, ಉಪ್ಪಿನ ಡಬ್ಬಿಯನ್ನು ಮತ್ತೆ ಅದರ ಮೇಲಿಟ್ಟರು.

ಇದು ಎಷ್ಟು ದುಡ್ಡಿನ ಮಾತು ಎಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲಾಗಿದೆ.

೩. ತಂದೆಯವರ ಮೌನದ ಬಗ್ಗೆ ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಅವರು ಇಪ್ಪತ್ತೆರಡು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದಾರೆ. ಕೆಟ್ಟ ಲಿಫ್ಟಿನ ಮುಂದೆ ನಿಂತವರೆಲ್ಲ ಒಟ್ಟಿಗೇ ಮಾತಾಡುತ್ತಾರಾದ್ದರಿಂದ, ಯಂತ್ರದ ಸದ್ದು ಕೇಳಬೇಕಾದವರು ಸುಮ್ಮನಿರಬೇಕಾಗುತ್ತದೆ. ಅದೇ ಅಭ್ಯಾಸ ಮನೆಗೂ ಬಂದಿದೆ. ಅವರ ಮೌನದಲ್ಲಿ ಬಗೆಗಳಿವೆ. ಉಗುರಿನ ಗ್ರೀಸು ಕೆರೆಯುತ್ತಾ ಸುಮ್ಮನಿದ್ದರೆ ಒಪ್ಪಿಗೆ. ಚಾವಣಿ ನೋಡುತ್ತಾ ಸುಮ್ಮನಿದ್ದರೆ ಅಸಮ್ಮತಿ. ಅವತ್ತು ಅವರು ಉಪ್ಪಿನ ಡಬ್ಬಿ ನೋಡುತ್ತಾ ಸುಮ್ಮನಿದ್ದರು. ಇದು ಹಿಂದೆ ದಾಖಲಾಗಿರುವ ಬಗೆಯಲ್ಲ. ಆ ಕಾರಣ ಅರ್ಜಿದಾರಳು ಹೋಗಲೋ ಬೇಡವೋ ಎಂದು ತಾನೇ ತೀರ್ಮಾನಿಸಬೇಕಾದ ಅನಿವಾರ್ಯ ಪರಿಸ್ಥಿತಿ ಉಂಟಾಯಿತು. ಅದಕ್ಕೆ ಅವಳು ಸಿದ್ಧಳಿರಲಿಲ್ಲ. ತಮ್ಮಂಥ ಯಾರಾದರೂ ಅಧಿಕಾರಿಗಳು ಅರ್ಹಳು ಅಥವಾ ಅನರ್ಹಳು ಎಂದು ಠಸ್ಸೆ ಒತ್ತಿಕೊಟ್ಟರೆ ಒಳ್ಳೆಯದಿತ್ತು ಎಂದು ಅವಳು ಮನಸ್ಸಿನಲ್ಲಿ ಅಂದುಕೊಂಡದ್ದು ನಿಜ. ಅನರ್ಹಳು ಎಂದರೂ ಬೇಸರವಿಲ್ಲ ಎಂದು ಕೂಡ.

೪. ಈಗ ಚಾರ್ಟಿನ ವಿಷಯ. ತಾಯಿಯವರ ಅಂಗಡಿ ಎಂಟಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ. ಕಣ್ಣು ಪರೀಕ್ಷೆಗೆ ಆರು ಮೀಟರ್ ದೂರ ಬೇಕು; ಅಷ್ಟು ಉದ್ದ ಅಂಗಡಿಯಲ್ಲಿಲ್ಲ. ಆದ್ದರಿಂದ ಚಾರ್ಟಿನ ದೀಪದ ಪೆಟ್ಟಿಗೆಯನ್ನು ಕೂರುವವರ ಬೆನ್ನ ಹಿಂದೆ ತಲೆಯ ಮೇಲೆ ಹಾಕಿ, ಎದುರಿಗೆ ಕನ್ನಡಿ ನಿಲ್ಲಿಸಲಾಗಿದೆ. ಅಕ್ಷರಗಳು ಚಾರ್ಟಿನಲ್ಲಿ ಉಲ್ಟಾ, ಕನ್ನಡಿಯಲ್ಲಿ ಸರಿ. ಅರ್ಜಿದಾರಳು ಹಾಲುಹಲ್ಲಿನ ಕಾಲದಿಂದ ಆ ಕುರ್ಚಿಯಲ್ಲೇ ಕೂತು ಮನೆಪಾಠ ಬರೆದವಳು. ಮಗ್ಗಿ ಬಾಯಿಗೆ ಬರುವ ಮೊದಲೇ ಚಾರ್ಟಿನ ಕೊನೆಯ ಸಾಲು ಬಂದಿತ್ತು: ಗ, ರ, ಸ, ನ, ಹ, ಬ, ಳ, ಯ. ಉಲ್ಟಾ ಕಡೆಯಿಂದಲೂ ಹೇಳಬಲ್ಲಳು. ಓದಲು ಬಾರದವರಿಗೆಂದು ಇರುವ, ಮೂರು ಕಡ್ಡಿಯ ಗುರುತು ಯಾವ ಕಡೆ ತಿರುಗಿದೆ ಎಂದು ಬೆರಳಲ್ಲಿ ತೋರಿಸುವ ಚಾರ್ಟೂ ಅವಳ ಕೈಗೆ ಕಂಠಪಾಠವಾಗಿದೆ.

೫. ಇದರ ಅಪಾಯ ಆಗಲೇ ಗೊತ್ತಾಗಬೇಕಿತ್ತು. ಅರ್ಜಿದಾರಳಿಗೆ ಏಳು ವರ್ಷವಿದ್ದಾಗ ದರ್ಜಿಯೊಬ್ಬರು ಕಣ್ಣು ತೋರಿಸಲು ಬಂದಿದ್ದರು. ನಾಲ್ಕನೆಯ ಸಾಲಿನಲ್ಲಿ ತಡವರಿಸಿದರು. ಕುರ್ಚಿಯ ಪಕ್ಕ ನೆಲದ ಮೇಲೆ ಚಿತ್ರ ಬಿಡಿಸುತ್ತಿದ್ದ ಅರ್ಜಿದಾರಳು, ತರಗತಿಯಲ್ಲಿ ಗೆಳತಿಗೆ ಹೇಳಿಕೊಡುವ ಹಾಗೆ, ಪಿಸುದನಿಯಲ್ಲಿ ಹೇಳಿಕೊಟ್ಟಳು. ದರ್ಜಿ ಖುಷಿಯಾಗಿ ಕೊನೆಯ ಸಾಲಿನವರೆಗೂ ಓದಿಬಿಟ್ಟರು. ತಾಯಿಯವರು, "ನಿಮಗೇನೂ ಆಗಿಲ್ಲ, ಸುಮ್ನೆ ಓದೋಕೆ ಚಿಕ್ಕ ನಂಬರ್ ಸಾಕು," ಎಂದು ಕಳಿಸಿದರು. ಎರಡು ವಾರದ ಮೇಲೆ ದರ್ಜಿ ಒಂದು ಅಂಗಿ ಹಿಡಿದುಕೊಂಡು ಬಂದರು. ಅದಕ್ಕೆ ಎಡಗಡೆ ಆರು ಗುಂಡಿ, ಬಲಗಡೆ ಐದು ಕಾಜ ಇದ್ದವು.

"ಅಮ್ಮಾ, ಇದನ್ನ ಹಾಕ್ಕೊಂಡು ಒಬ್ಬರು ಮದುವೆಗೆ ಹೋಗಿ ಬಂದ್ರು," ಎಂದರು.

ಅಂದಿನಿಂದ ಅರ್ಜಿದಾರಳು ಗಿರಾಕಿಗಳಿದ್ದಾಗ ಬಾಯಿ ಬಿಡಕೂಡದೆಂದು ಆಜ್ಞೆಯಾಯಿತು. ಬಾಯಿ ಬಿಡಬಾರದು ಎಂದರೇ ಹೊರತು, ಕಲಿತದ್ದನ್ನು ಮರೆಯಬೇಕು ಎಂದು ಯಾರೂ ಹೇಳಲಿಲ್ಲ.

೬. ಪ್ರತಿ ಹುಟ್ಟುಹಬ್ಬದಂದು ತಾಯಿಯವರು ಮಗಳ ಕಣ್ಣು ಪರೀಕ್ಷಿಸಿ ಒಂದು ಕಾರ್ಡಿನಲ್ಲಿ ಬರೆಯುತ್ತಾರೆ. ಹದಿಮೂರು ವರ್ಷದ ಕಾರ್ಡಿನಲ್ಲಿ ಹದಿಮೂರು ಸಲ ೬/೬ (ಪೂರ್ಣ ದೃಷ್ಟಿ) ಇದೆ. ಈ ವರ್ಷವೂ ಕೂರಿಸಿದರು; ತಮ್ಮ ಕಚೇರಿಯ ತಪಾಸಣೆ ಬೇರೆ ಹತ್ತಿರವಿತ್ತು. ತಾಯಿಯವರು ತಲೆ ಬಗ್ಗಿಸಿ ಕಾರ್ಡಿನ ಮೇಲೆ ತಾರೀಕು ಬರೆಯುತ್ತಾ, "ಓದು," ಎಂದರು. ಅರ್ಜಿದಾರಳು ಕನ್ನಡಿ ನೋಡುತ್ತಾ, ಪರದೇಶದ ಬಗ್ಗೆ ಯೋಚಿಸುತ್ತಾ, ಓದಿದಳು.

"ಮುಂದೆ."

ಓದಿದಳು.

"ಮುಂದೆ."

ಎಂಟೂ ಸಾಲು ಮುಗಿದವು. ತಾಯಿಯವರು ಆರು ಬರೆದು, ಗೀಟು ಎಳೆದು, ಎರಡನೆಯ ಆರು ಬರೆಯುವಷ್ಟರಲ್ಲಿ, ಪೆಟ್ಟಿಗೆಯ ಟ್ಯೂಬ್‌ಲೈಟ್ ಬದಲಿಸಲು ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ವೈರಿಂಗ್‌ನವರು ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ಚಾರ್ಟು ನನ್ನ ತೊಡೆ ಮೇಲಿದೆ."

ತಾಯಿಯವರು ತಲೆಯೆತ್ತಿ ಕನ್ನಡಿ ನೋಡಿದರು. ಅದರಲ್ಲಿ ಬಾಯಿ ತೆರೆದ ಖಾಲಿ ಪೆಟ್ಟಿಗೆ, ಎರಡು ವೈರು, ಮತ್ತು ಮಗಳು ಇದ್ದರು.

ವೈರಿಂಗ್‌ನವರು ಸಮಾಧಾನ ಮಾಡುವ ಹಾಗೆ, "ಆದ್ರೂ ಎಲ್ಲಾ ಕರೆಕ್ಟಾಗೇ ಹೇಳಿದ್ಲು. ನಾನು ಒಂದೊಂದೇ ನೋಡ್ಕೊಂಡೆ," ಎಂದರು.

ತಾಯಿಯವರು ಎರಡನೆಯ ಆರನ್ನು ಪೂರ್ತಿ ಮಾಡಲಿಲ್ಲ. ಅರ್ಧ ಆರು ಇರುವ ಸದರಿ ಕಾರ್ಡಿನ ನಕಲನ್ನು ಲಗತ್ತಿಸಿದೆ.

೭. (ಈ ಅಂಶವನ್ನು ಅರ್ಜಿದಾರಳು ಬರೆದು, ಓದಿ, ಅಳಿಸಿರುತ್ತಾಳೆ. ಅದು ತಾಯಿಯವರು ಆ ದಿನ ಅಂಗಡಿಯನ್ನು ಬೇಗ ಮುಚ್ಚಿದ್ದರ ಬಗ್ಗೆ ಇತ್ತು.)

೮. ಮರುದಿನವೇ ತಾಯಿಯವರು ಬಿಗುಮಾನ ಬಿಟ್ಟು, ಹನ್ನೊಂದು ವರ್ಷಗಳಿಂದ ಮುಖ ಕೊಟ್ಟು ಮಾತಾಡಿರದ ಎದುರುಬೀದಿಯ ಕನ್ನಡಕದವರ ಅಂಗಡಿಗೆ ಮಗಳನ್ನು ಕರೆದುಕೊಂಡು ಹೋದರು. ಅಲ್ಲಿ ಕುರ್ಚಿಯಲ್ಲಿ ಕೂತು ಅರ್ಜಿದಾರಳು ಎದುರಿಗೆ ನೋಡಿದಳು. ಅದೇ ಮುದ್ರಣಾಲಯದ ಅದೇ ಚಾರ್ಟು. ಬೇಡವೆಂದರೂ ನಾಲಿಗೆ ಓಡಿತು. "ಭೇಷ್! ಗಿಡುಗನ ಕಣ್ಣು," ಎಂದರು ಅಂಗಡಿಯವರು. ತಾಯಿಯವರು ಥ್ಯಾಂಕ್ಸ್ ಕೂಡ ಹೇಳದೆ ಎದ್ದು ಬಂದರು.

ಅಂದಿನಿಂದ ಅರ್ಜಿದಾರಳಿಗೆ ತಾನು ಏನನ್ನು ನೋಡುತ್ತಿದ್ದೇನೆ, ಏನನ್ನು ಮೊದಲೇ ತಿಳಿದಿದ್ದೇನೆ ಎಂದು ಬೇರೆ ಮಾಡಲು ಬಾರದಂತಾಗಿದೆ. ಬೀದಿಯ ಬೋರ್ಡುಗಳೆಲ್ಲ ಗೊತ್ತಿರುವವೇ. ಬಸ್ಸಿನ ನಂಬರು ಕಾಣುತ್ತದೋ, ಹೊತ್ತಿನ ಮೇಲೆ ಊಹಿಸುತ್ತಾಳೋ ತಿಳಿಯದು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅರ್ಜಿದಾರಳಿಗೆ ಆರು ವರ್ಷವಿದ್ದಾಗ, ಅಂಗಡಿಗೆ ಬಂದ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು, "ದೊಡ್ಡವಳಾದ್ಮೇಲೆ ಏನಾಗ್ತೀಯಾ ಪುಟ್ಟಿ?" ಎಂದು ಕೇಳಿದ್ದರು. ಬೇಸರದಲ್ಲಿದ್ದ ಅವಳು ಬಾಯಿಗೆ ಬಂದಂತೆ "ಪೈಲಟ್" ಅಂದಳು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪೋಸ್ಟ್‌ಮಾಸ್ಟರು ತಮ್ಮ ಹಳೆಯ ಕನ್ನಡಕದ ಡಬ್ಬಿಯನ್ನೇ ಬಹುಮಾನ ಕೊಟ್ಟರು. ಆಮೇಲೆ ಯಾರು ಕೇಳಿದರೂ ಅದೇ ಉತ್ತರ. ಹನ್ನೆರಡು ವರ್ಷ. ಪರದೇಶದ ಶಾಲೆಯ ಫಾರಂ ತುಂಬಿದ್ದೂ ಅದೇ ನಾಲಿಗೆಯ ಓಟದಲ್ಲೇ ಇರಬಹುದು. ಆದ್ದರಿಂದ ವಿಮಾನ ನಡೆಸುವ ಆಸೆ ತನಗೆ ಕಾಣುತ್ತಿದೆಯೋ ಅಥವಾ ಕಂಠಪಾಠವಾಗಿದೆಯೋ ಎಂಬ ಪ್ರಶ್ನೆ ಉದ್ಭವಿಸಿತು. ಪೆಟ್ಟಿಗೆಯೊಳಗೆ ಏನೂ ಇಲ್ಲದಿದ್ದರೂ ಓದಬಲ್ಲವಳು ಅವಳು.

೯. ಈ ನಡುವೆ ತಾಯಿಯವರು ನಿಯಮಗಳನ್ನೆಲ್ಲ ತರಿಸಿ ಓದಿ, ಕಣ್ಣಿಗೆ ನಂಬರ್ ಇದ್ದರೂ ಕನ್ನಡಕ ಹಾಕಿಕೊಂಡು ಒಂದು ಮಿತಿಯೊಳಗೆ ವಿಮಾನ ನಡೆಸಬಹುದು ಎಂದು ಪತ್ತೆ ಮಾಡಿದರು.

"ನೋಡು, ಕನ್ನಡಕ ಇದ್ರೂ ತಗೋತಾರೆ!"

"ನಂಗೆ ಗೊತ್ತಿತ್ತು," ಎಂದರು ಸುದ್ದಿ ಮಾವ.

"ಗೊತ್ತಿದ್ರೆ ನಿನ್ನೆ ಯಾಕೆ ಹೇಳ್ಲಿಲ್ಲ?"

"ಮೇಲೆ ಹೋದ್ಮೇಲೆ ಅಲ್ಲೇನು ಬೋರ್ಡ್ ಇರುತ್ತಾ ಓದೋಕೆ, ಅಂತ ಸುಮ್ನಿದ್ದೆ."

"ಕನ್ನಡಕ ಒಳ್ಳೇದೇ ಬಿಡು. ಎದುರುಗಾಳಿಗೆ ಕಣ್ಣಲ್ಲಿ ಧೂಳು ಬೀಳಲ್ಲ," ಎಂದರು ಅಜ್ಜಿ.

ತಾಯಿಯವರು ಅದೇ ಸಂಜೆ ಮಗಳ ಮುಖಕ್ಕೆ ಹೊಂದುವ ಎರಡು ಫ್ರೇಮ್ ತೆಗೆದಿಟ್ಟರು. ಇದರಿಂದ ಅರ್ಜಿದಾರಳಿಗೆ ಆದ ನಷ್ಟವೇನೆಂದರೆ, ಗೌರವಯುತವಾಗಿ ಅನರ್ಹಳಾಗುವ ಏಕೈಕ ಅವಕಾಶವೂ ಕೈತಪ್ಪಿತು. ಹೋಗಲೋ ಬೇಡವೋ ಎಂಬುದು ಎಲ್ಲಿತ್ತೋ ಅಲ್ಲೇ ಉಳಿಯಿತು. ಉತ್ತರಕ್ಕೆ ಬಾಕಿ ಇದ್ದದ್ದು ಮೂರು ದಿನ.

೧೦. ಭಾನುವಾರ ಬೆಳಗ್ಗೆ ತಂದೆಯವರು ಬಾಗಿಲಲ್ಲಿ ನಿಂತು "ಬಾ" ಎಂದರು (ಉಲ್ಲೇಖ ೩). ಉಪಕರಣ ಹಿಡಿದುಕೊಳ್ಳಲು ಇರಬೇಕೆಂದು ಅರ್ಜಿದಾರಳು ಸ್ಕೂಟರಿನ ಹಿಂದೆ ಕೂತಳು. ಊರಿನ ಆಚೆ ಅಂಚಿನಲ್ಲಿ, ಅವಳು ಎಂದೂ ಹೋಗಿರದ ಕಡೆ, ಒಂಬತ್ತು ಮಹಡಿಯ ಕಟ್ಟಡ. ರಜೆಯಾದ್ದರಿಂದ ಜನರಿರಲಿಲ್ಲ. ಲಿಫ್ಟಿನ ಮೋಟಾರು ಕೋಣೆ ತಾರಸಿಯಲ್ಲಿತ್ತು. ತಂದೆಯವರು ಅದರ ಬೀಗ ತೆಗೆಯಲೇ ಇಲ್ಲ. ಮಗಳನ್ನು ಹಿಂಬದಿಯ ಗೋಡೆಯಂಚಿಗೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಏನ್ ಕಾಣ್ಸುತ್ತೆ ಹೇಳು," ಎಂದರು.

ಕೆಳಗೆ ಗೋದಾಮುಗಳು, ಮರದ ಅಡ್ಡೆ, ಒಂದು ಹಳೆಯ ನೀರಿನ ಟ್ಯಾಂಕು, ಅಲ್ಲಲ್ಲಿ ಬೋರ್ಡುಗಳು.

"ಹಳದಿ ಬೋರ್ಡು, ಟೈರ್ ಅಂತ ಇದೆ. ಅದರ ಪಕ್ಕದ ನೀಲಿದು, ಹಾಸಿಗೆ ಕಾರ್ಖಾನೆ."

ತಂದೆಯವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ನಂಗೇನೂ ಕಾಣ್ತಿಲ್ಲ. ಇರು," ಎಂದು ಲಿಫ್ಟಿನಲ್ಲಿ ಇಳಿದುಹೋದರು. ಕನ್ನಡಕದ ಅಂಗಡಿಯವರ ಯಜಮಾನರಿಗೇ ಕನ್ನಡಕ ಬೇಕಾಗಿದೆ ಎಂಬ ವಿಷಯ ಹೀಗೆ ಪ್ರಥಮ ಬಾರಿಗೆ ಬೆಳಕಿಗೆ ಬಂತು. ಎಂಟು ನಿಮಿಷದ ನಂತರ ಫೋನ್ ಬಂತು.

"ಟೈರ್ ಅಲ್ಲ. ಟೈಲ್ಸ್."

"ಓ."

"ಹಾಸಿಗೆ ಸರಿ." ಸ್ಕೂಟರಿನ ಸದ್ದು. ಮತ್ತೆ ಫೋನು. "ಈಗ ಗೇಟಿನ ಮೇಲಿರೋದು?"

"ಎರಡು ಗೇಟ್ ಕಾಣ್ತಿದೆ ಅಪ್ಪ. ಎಲ್ಲಿದೀರ?"

"ಕೈ ಎತ್ತಿದೀನಿ ನೋಡು."

ಹೀಗೆ ತಂದೆಯವರು ಒಂದು ಗಂಟೆಗೂ ಮೀರಿ ಬೋರ್ಡಿನಿಂದ ಬೋರ್ಡಿಗೆ ಸ್ಕೂಟರಿನಲ್ಲಿ ಹೋಗಿ, ಮಗಳು ಓದಿದ್ದನ್ನು ಖುದ್ದು ತಾಳೆ ನೋಡಿ, ಫೋನಿನಲ್ಲಿ ವರದಿ ಮಾಡಿದರು. ಹುಟ್ಟಿದಂದಿನಿಂದ ಅವಳೊಡನೆ ಅವರು ಅಷ್ಟು ಮಾತಾಡಿದ್ದೇ ಇಲ್ಲ. ಹದಿನಾಲ್ಕರಲ್ಲಿ ಹನ್ನೊಂದು ಸರಿ, ಎರಡು ತಪ್ಪು. ಕೊನೆಯದಾಗಿ ಕೇಳಿದರು:

"ಟ್ಯಾಂಕಿನ ಮೇಲೆ ಏನ್ ಬರ್ದಿದೆ?"

ಅರ್ಜಿದಾರಳು ನೋಡಿದಳು. ಅಕ್ಷರಗಳಿದ್ದವು, ಆದರೆ ಒಂದಕ್ಕೊಂದು ಸೇರುತ್ತಿರಲಿಲ್ಲ. ನಾಲಿಗೆ ಏನನ್ನಾದರೂ ಹೇಳಿಬಿಡಲು ತಯಾರಾಗಿ ನಿಂತಿತ್ತು. ಹೇಳಲು ಏನೂ ಇರಲಿಲ್ಲ.

"ಗೊತ್ತಿಲ್ಲ ಅಪ್ಪ."

ಕಣ್ಣು ಪರೀಕ್ಷೆಯಲ್ಲಿ ಅವಳು ಈ ಮಾತನ್ನು ಹೇಳಿದ್ದು ಇದೇ ಮೊದಲು. ಆ ಕಡೆ ಮೌನ. ಕೆಟ್ಟ ಯಂತ್ರದ ಮುಂದೆ ನಿಂತಾಗ ಇರುತ್ತದಲ್ಲ, ಅಂಥ ಮೌನ. ಕೊನೆಗೆ, "ಬುಡದಲ್ಲಿ ನಿಂತು ನಂಗೂ ಓದೋಕಾಗ್ತಿಲ್ಲ. ಬಣ್ಣ ಹೋಗಿದೆ," ಎಂದರು. ಆಮೇಲೆ, "ನಾನು ಕಾಣ್ತಿದೀನಾ?"

"ಕಾಣ್ತಿದೀರ."

"ಯಾವ ಕೈ ಎತ್ತಿದೀನಿ?"

"ಬಲಗೈ. ಎಡಗೈಲಿ ಫೋನು."

"ಸರಿ."

ತಂದೆಯವರು ಅಷ್ಟು ಚಿಕ್ಕದಾಗಿ ಕಂಡದ್ದು ಅದೇ ಮೊದಲು. ಅದು ಯಾವ ಚಾರ್ಟಿನಲ್ಲೂ ಇರಲಿಲ್ಲ. ಅವರು ವಾಪಸು ಬರುವಷ್ಟು ಹೊತ್ತು ಅರ್ಜಿದಾರಳು ಅಲ್ಲೇ ನಿಂತಿದ್ದಳು. ಟ್ಯಾಂಕಿನ ಆಚೆ ಏನಿದೆ ಎಂದು ನೋಡಬೇಕೆನಿಸಿತು. ತುದಿಗಾಲಲ್ಲಿ ನಿಂತಳು, ಕಾಣಲಿಲ್ಲ. ಇನ್ನೂ ಸ್ವಲ್ಪ ಮೇಲಿದ್ದರೆ ಕಾಣುತ್ತಿತ್ತು. ಏನಾಗುತ್ತೀ ಎಂದು ಯಾರೂ ಕೇಳಿರಲಿಲ್ಲ. ಚಪ್ಪಾಳೆಯೂ ಇರಲಿಲ್ಲ. ಆದರೂ ಮೇಲೆ ಹೋಗಬೇಕೆನಿಸಿತು ಎಂಬುದನ್ನು ಅವಳು ಈ ಮೂಲಕ ದೃಢೀಕರಿಸುತ್ತಾಳೆ.

ಇಳಿಯುವಾಗ ಲಿಫ್ಟಿನಲ್ಲಿ ತಂದೆಯವರು ಹೇಳಿದ್ದು: "ಮೇಲೆ ಹೋಗೋದೇನೂ ದೊಡ್ಡದಲ್ಲ. ಮಧ್ಯದಲ್ಲಿ ನಿಲ್ಲಬಾರದು, ಅಷ್ಟೆ." ಇದನ್ನು ಅವರು ಲಿಫ್ಟಿನ ಬಗ್ಗೆ ಹೇಳಿದರೋ ಹೇಗೋ, ಸ್ಪಷ್ಟೀಕರಣ ಕೇಳಿರುವುದಿಲ್ಲ. ಹೇಳುವಾಗ ಅವರು ಉಗುರಿನ ಗ್ರೀಸು ಕೆರೆಯುತ್ತಿದ್ದರು.

ಅಂದು ಮಧ್ಯಾಹ್ನವೇ ಅರ್ಜಿದಾರಳು ಪರದೇಶದ ಶಾಲೆಗೆ "ಬರುತ್ತೇನೆ" ಎಂದು ಉತ್ತರ ಕಳಿಸಿದಳು. ಆದ್ದರಿಂದ ತಮ್ಮ ಠಸ್ಸೆಯಿಂದ ಅವಳ ತೀರ್ಮಾನವನ್ನು ಕೋರುವ ಅಗತ್ಯ ಈಗ ಉಳಿದಿಲ್ಲ. ಕಣ್ಣಿನ ವಿಷಯ ಮಾತ್ರ ಬಾಕಿ. ತಾರಸಿಯ ಪರೀಕ್ಷೆ ಸಾಲದೇ ಎಂದರೆ ತಾಯಿಯವರು ಒಪ್ಪುವುದಿಲ್ಲ. "ದೂರ ಅಳತೆ ಮಾಡಿದ್ರಾ? ಬೆಳಕು? ಆರು ಮೀಟರ್ ಅಂದ್ರೆ ಆರು ಮೀಟರ್," ಎಂದು ಅಪ್ಪ ಮಗಳಿಬ್ಬರಿಗೂ ಬೈದು, ಅಪ್ಪನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅವರು ಮೂರನೆಯ ಸಾಲಿಗೇ ನಿಂತರು. ತೆಗೆದಿಟ್ಟಿದ್ದ ಎರಡು ಫ್ರೇಮಿನಲ್ಲಿ ಒಂದು ಸದ್ಯಕ್ಕೆ ಅವರ ಮೂಗಿನ ಮೇಲಿದೆ.

೧೧. ಸೋಮವಾರ ಫಾರಂ ಕೊಡಲು ತಂದೆಯವರ ಜೊತೆ ತಮ್ಮ ಕಚೇರಿಗೆ ಬಂದಾಗ, ಅರೆತೆರೆದ ಬಾಗಿಲ ಸಂದಿಯಿಂದ ತಮ್ಮ ಕೋಣೆಯ ಗೋಡೆ ಕಾಣಿಸಿತು. ಅದೇ ಚಾರ್ಟು. ಅರ್ಜಿದಾರಳಿಗೆ ನೆಂಟರ ಮನೆಗೆ ಬಂದ ಹಾಗಾಯಿತು. ಸಂದಿಯಲ್ಲಿ ಕಂಡದ್ದು ಒಂದು ಅಕ್ಷರದಷ್ಟು ಅಗಲ. ಅವಳು ಹೊರಗೆ ಬೆಂಚಿನ ಮೇಲೆ ಕೂತು ಎಂಟೂ ಸಾಲನ್ನು ಮನಸ್ಸಿನಲ್ಲಿ ಓದಿ ಮುಗಿಸಿದಳು. ತಾವು ಏನನ್ನೂ ಗಮನಿಸದೆ ಅವಳಿಗೆ ೬/೬ ಕೊಡುವುದು ಖಂಡಿತ. ಅದನ್ನು ತಡೆಯುವುದೇ ಈ ಅರ್ಜಿಯ ಉದ್ದೇಶ. ಬರುವಾಗ ತಮ್ಮ ಕಟ್ಟಡದ ಲಿಫ್ಟು ಎರಡು ಮತ್ತು ಮೂರನೆಯ ಮಹಡಿಯ ನಡುವೆ ಸುಮಾರು ಅರ್ಧ ನಿಮಿಷ ನಿಂತಿತು. ತಂದೆಯವರು ಕಿವಿ ಕೊಟ್ಟು ಕೇಳಿದರು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ತಾವು ದಯವಿಟ್ಟು:

ಅ) ಅರ್ಜಿದಾರಳ ಪರೀಕ್ಷೆಯ ದಿನ ಗೋಡೆಯ ಚಾರ್ಟನ್ನು ತೆಗೆದು ಬೇರೊಂದನ್ನು ಹಾಕಬೇಕು. ಹಾಕುವಾಗ ಅವಳನ್ನು ಹೊರಗೆ ನಿಲ್ಲಿಸಬೇಕು.

ಆ) ಅವಳು ತಡವರಿಸಿದರೆ ತಡವರಿಸಲು ಬಿಡಬೇಕು. ಯಾರೂ ಪಿಸುದನಿಯಲ್ಲಿ ಹೇಳಿಕೊಡಬಾರದು.

ಇ) "ಯಾಕೆ ಪೈಲಟ್ ಆಗ್ತೀಯಾ?" ಎಂದು ಕೇಳಬಾರದು. ಅದಕ್ಕೆ ಹನ್ನೆರಡು ವರ್ಷದ ಹಳೆಯ ಉತ್ತರ ತಯಾರಿದ್ದು, ಹೊಸದನ್ನು ಹೇಳಲು ಅವಳಿಗೆ ಇನ್ನೂ ಮಾತು ಸಿಕ್ಕಿಲ್ಲ.

ಈ) ಫಲಿತಾಂಶವನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಬಾಗಿಲಾಚೆ ತಾಯಿಯವರು ಅರ್ಧ ಆರು ಇರುವ ಕಾರ್ಡು ಮತ್ತು ಪೆನ್ನು ಹಿಡಿದು ಕೂತಿರುತ್ತಾರೆ.

ಇಂತು ಕೇಳಿಕೊಳ್ಳುವ,
ತಮ್ಮ ಮೇಲೆ ಪೂರ್ಣ, ತನ್ನ ಕಣ್ಣಿನ ಮೇಲೆ ಹದಿನಾಲ್ಕರಲ್ಲಿ ಹನ್ನೊಂದರಷ್ಟು ವಿಶ್ವಾಸವಿರುವ
ತಮ್ಮ ವಿಶ್ವಾಸಿ,
ಅರ್ಜಿದಾರಳು

ಅಡಕಗಳು:
೧. ಹುಟ್ಟುಹಬ್ಬದ ಕಾರ್ಡಿನ ನಕಲು (ಮೂಲ ಪ್ರತಿಯನ್ನು ತಾಯಿಯವರು ಕೊಡಲು ಒಪ್ಪಲಿಲ್ಲ).
೨. ಆರು ಗುಂಡಿ, ಐದು ಕಾಜದ ಅಂಗಿಯ ಫೋಟೊ.
೩. ಹದಿನಾಲ್ಕು ಬೋರ್ಡುಗಳ ಪಟ್ಟಿ, ತಂದೆಯವರ ಕೈಬರಹದಲ್ಲಿ. ಗ್ರೀಸಿನ ಗುರುತುಗಳನ್ನು ಮನ್ನಿಸಬೇಕು. ಟ್ಯಾಂಕಿನ ಎದುರು "ಯಾರಿಗೂ ಕಾಣಲ್ಲ" ಎಂದು ಷರಾ ಬರೆದಿದ್ದಾರೆ.
೪. ಚಾರ್ಟು ಆ ಸಮಯದಲ್ಲಿ ವೈರಿಂಗ್‌ನವರ ತೊಡೆಯ ಮೇಲಿತ್ತೆಂದು ಅವರದೇ ಹೇಳಿಕೆ.

ವಿಶೇಷ ಕೋರಿಕೆ: ಮಗಳು ಒಳಗಿದ್ದಾಗ ತಂದೆಯವರಿಗೆ ಬೆಂಚಿನ ಮೇಲೆ ಸುಮ್ಮನೆ ಕೂರಲು ಆಗುವುದಿಲ್ಲ. ಅವರು ಉಪಕರಣಗಳ ಚೀಲವನ್ನು ಜೊತೆಗೆ ತರುತ್ತಾರೆ. ಪರೀಕ್ಷೆ ಮುಗಿಯುವವರೆಗೆ ತಮ್ಮ ಕಟ್ಟಡದ ಲಿಫ್ಟನ್ನು ಅವರ ವಶಕ್ಕೆ ಕೊಡಬೇಕಾಗಿ ವಿನಂತಿ. ಆ ಅರ್ಧ ಗಂಟೆ ಸಾರ್ವಜನಿಕರು ಮೆಟ್ಟಿಲು ಬಳಸಲಿ.